ಮನೆಗೂ ಬಸ್ಸಿಗೂ ಒಂದೇ ಅರ್ಜಿ: ಕ್ಯಾಲಿಫೋರ್ನಿಯಾದ ಎಎಚ್‌ಎಸ್‌ಸಿ ಅನುದಾನ ಹೇಗಿದೆ?

ಕಡಿಮೆ ಆದಾಯದವರಿಗೆ ಮನೆ ಕಟ್ಟಲು ಒಂದು ಇಲಾಖೆಯ ದುಡ್ಡು, ಆ ಮನೆಯೆದುರು ಬಸ್ಸು ನಿಲ್ಲಿಸಲು ಇನ್ನೊಂದು ಇಲಾಖೆಯ ದುಡ್ಡು. ಬಹುತೇಕ ಕಡೆ ನಡೆದುಬಂದಿರುವ ಪದ್ಧತಿ ಇದು. ಕ್ಯಾಲಿಫೋರ್ನಿಯಾದ ‘ಅಫೋರ್ಡಬಲ್ ಹೌಸಿಂಗ್ ಅಂಡ್ ಸಸ್ಟೈನಬಲ್ ಕಮ್ಯುನಿಟೀಸ್’ ಯೋಜನೆ, ಎಲ್ಲರ ಬಾಯಲ್ಲಿ ಎಎಚ್‌ಎಸ್‌ಸಿ, ಈ ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಬೇಕು ಎನ್ನುತ್ತದೆ. ಮನೆ ಕಟ್ಟುವವರು, ನಗರಸಭೆಯ ರಸ್ತೆ ವಿಭಾಗದವರು, ಬಸ್ಸು ಓಡಿಸುವ ಸಂಸ್ಥೆಯವರು ಒಂದೇ ಮೇಜಿನ ಸುತ್ತ ಕೂರದೆ ಅರ್ಜಿ ಮುಗಿಯುವುದೇ ಇಲ್ಲ. ಅರ್ಜಿದಾರರ ಕಡೆಯಿಂದ ನೋಡಿದರೆ 5ಕ್ಕೆ 4 ಅಂಕ ಕೊಡಬಹುದಾದ ಯೋಜನೆ. ಕಳೆದ ಒಂದು ಅಂಕ ಏಕೆ ಎಂಬುದಕ್ಕೆ ಕಾರಣಗಳು ಕೆಳಗಿವೆ. ಅದರಲ್ಲಿ ಒಂದು ಸಣ್ಣ ನಗರಸಭೆಗಳನ್ನು ಬಾಗಿಲಲ್ಲೇ ತಡೆಯುವಷ್ಟು ಗಂಭೀರವಾದದ್ದು.

ಸ್ಯಾನ್ ಹೊಸೆ, ಫ್ರೀಮಾಂಟ್, ಸನ್ನಿವೇಲ್ ಕಡೆ ನೆಲೆಸಿರುವ ಕನ್ನಡಿಗರಲ್ಲಿ ನಗರ ಯೋಜನೆ, ರಸ್ತೆ ಎಂಜಿನಿಯರಿಂಗ್, ಲಾಭರಹಿತ ವಸತಿ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿದ್ದಾರೆ, ಬಡಾವಣೆಯ ಸಭೆಗೆ ಹೋಗಿ ಮಾತಾಡುವವರೂ ಇದ್ದಾರೆ. ಈ ಬರಹ ಮುಖ್ಯವಾಗಿ ಅವರಿಗೆ. ಊರಲ್ಲಿರುವವರಿಗೂ ಓದಲು ಕಾರಣವಿದೆ: ನಮ್ಮಲ್ಲಿ ಪಿಎಂಎವೈ ಮನೆಯ ಹಣ ಒಂದು ದಾರಿ, ಸಿಟಿ ಬಸ್ಸಿನ ಹಣ ಇನ್ನೊಂದು ದಾರಿ ಹಿಡಿದು ಬರುತ್ತವೆ. ಅವೆರಡನ್ನು ಗಂಟು ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇಲ್ಲಿ ಹತ್ತು ವರ್ಷಕ್ಕೂ ಮೀರಿದ ಅನುಭವ ಸಿಗುತ್ತದೆ.

ಹಣ ಎಲ್ಲಿಂದ, ಎಷ್ಟು

ರಾಜ್ಯದ 2006ರ ಹವಾಮಾನ ಕಾಯ್ದೆ ಎಬಿ 32ರ ಅಡಿಯಲ್ಲಿ ಕಾರ್ಖಾನೆಗಳು, ಇಂಧನ ಕಂಪನಿಗಳು ತಾವು ಉಗುಳುವ ಇಂಗಾಲಕ್ಕೆ ಪರವಾನಗಿ ಕೊಳ್ಳಬೇಕು. ಆ ಪರವಾನಗಿಗಳ ಹರಾಜಿನಿಂದ ಬಂದ ಹಣದಲ್ಲಿ ಶೇ 20ನ್ನು 2014ರ ಎಸ್‌ಬಿ 862 ಕಾಯ್ದೆ ಈ ಯೋಜನೆಗೆ ಎತ್ತಿಟ್ಟಿತು, ಅದರಲ್ಲಿ ಅರ್ಧವಾದರೂ ಕೈಗೆಟಕುವ ಬಾಡಿಗೆಯ ಮನೆಗಳಿಗೇ ಹೋಗಬೇಕು ಎಂಬ ಷರತ್ತಿನೊಂದಿಗೆ. 2025ರಲ್ಲಿ ಹರಾಜಿನ ವ್ಯವಸ್ಥೆಯನ್ನು 2045ರವರೆಗೆ ಮುಂದುವರಿಸಿದಾಗ ಎಸ್‌ಬಿ 840 ಈ ಲೆಕ್ಕ ಬದಲಿಸಿತು. 2026-27ರಿಂದ ಶೇಕಡಾವಾರು ಪಾಲಿನ ಬದಲು ವರ್ಷಕ್ಕೆ 80 ಕೋಟಿ ಡಾಲರ್ ಎಂಬ ಗುರಿ. ಹರಾಜು ಸೊರಗಿದರೆ ಈ ಮೊತ್ತವೂ ತಗ್ಗುತ್ತದೆ. ಹಾಗಾಗಿ ಮುಂದಿನ ಅರ್ಜಿ ಸುತ್ತಿನ ಗಾತ್ರವನ್ನು ಹಿಂದಿನ ಸುತ್ತು ನೋಡಿ ಊಹಿಸಬಾರದು. ಹರಾಜು ಮೂರು ತಿಂಗಳಿಗೊಮ್ಮೆ ನಡೆಯುತ್ತದೆ, ಫಲಿತಾಂಶ ಸಾರ್ವಜನಿಕ. ಅದನ್ನು ಗಮನಿಸುತ್ತಿರಿ.

ನಡೆಸುವವರು ಮೂವರು. ಮಾರ್ಗಸೂಚಿ ಬರೆದು, ಯಾರಿಗೆ ಹಣ ಎಂದು ತೀರ್ಮಾನಿಸುವುದು ಸ್ಟ್ರಾಟೆಜಿಕ್ ಗ್ರೋತ್ ಕೌನ್ಸಿಲ್. ಅರ್ಜಿ ಪಡೆದು, ಪರಿಶೀಲಿಸಿ, ಕರಾರು ಬರೆದು, ಹಣ ಬಿಡುಗಡೆ ಮಾಡುವುದು ರಾಜ್ಯದ ವಸತಿ ಇಲಾಖೆ, ಅಂದರೆ ಎಚ್‌ಸಿಡಿ. ಇಂಗಾಲ ಉಳಿತಾಯದ ಲೆಕ್ಕದ ಸೂತ್ರ ರಾಜ್ಯದ ವಾಯುಮಾಲಿನ್ಯ ಮಂಡಳಿ ಏರ್ ರಿಸೋರ್ಸಸ್ ಬೋರ್ಡಿನದು. ಯಾವ ಪ್ರಶ್ನೆಯನ್ನು ಯಾರಿಗೆ ಕೇಳಬೇಕು ಎಂಬುದು ಗೊತ್ತಿದ್ದರೆ ವಾರಗಟ್ಟಲೆ ಸಮಯ ಉಳಿಯುತ್ತದೆ.

ಇತ್ತೀಚಿನ ಸುತ್ತುಗಳಲ್ಲಿ ಒಂದು ಪ್ರಾಜೆಕ್ಟ್ ಗರಿಷ್ಠ 5 ಕೋಟಿ ಡಾಲರ್ ಕೇಳಬಹುದಿತ್ತು: ಮನೆ ಮತ್ತು ಅದಕ್ಕೆ ಸಂಬಂಧಿಸಿದ ಮೂಲಸೌಕರ್ಯಕ್ಕೆ 3.5 ಕೋಟಿ, ಸಾರಿಗೆಗೆ 1.5 ಕೋಟಿ. ಇಲ್ಲೊಂದು ವ್ಯತ್ಯಾಸ ಮೊದಲೇ ತಿಳಿದಿರಲಿ. ಮನೆ ಕಟ್ಟಲು ಸಿಗುವುದು ಸಾಲ, ಶೇ 3ರ ಸರಳ ಬಡ್ಡಿಯಲ್ಲಿ, 55 ವರ್ಷಗಳಿಗೆ. ಪ್ರತಿ ವರ್ಷದ ಸಣ್ಣದೊಂದು ಕಡ್ಡಾಯ ಪಾವತಿ ಬಿಟ್ಟರೆ, ಬಾಡಿಗೆಯಲ್ಲಿ ಖರ್ಚು ಕಳೆದು ಉಳಿದರಷ್ಟೇ ಮರುಪಾವತಿ. ಸಾರಿಗೆಯ ಭಾಗ ನಿಜವಾದ ಅನುದಾನ, ವಾಪಸು ಕೊಡುವಂತಿಲ್ಲ. ಬಸ್ ಸಂಸ್ಥೆಯ ಮುಖ್ಯಸ್ಥರಿಗೆ ಈ ಯೋಜನೆ ವಿವರಿಸುವಾಗ ‘ವಸತಿ ಸಾಲ’ ಎಂದು ಶುರು ಮಾಡಿದರೆ ಅವರು ಫೋನ್ ಇಡುತ್ತಾರೆ. ಮೊದಲ ವಾಕ್ಯದಲ್ಲೇ ಅನುದಾನ ಎನ್ನಿ.

ಮನೆಗಳ ಷರತ್ತೂ ಸಣ್ಣದಲ್ಲ. ಕಟ್ಟಡದ ಮನೆಗಳಲ್ಲಿ ಕನಿಷ್ಠ ಶೇ 20 ಬಾಡಿಗೆ ಮಿತಿಗೆ ಒಳಪಟ್ಟಿರಬೇಕು, ಆ ಮನೆಗಳ ಸರಾಸರಿ ಆದಾಯ ಮಿತಿ ಆ ಪ್ರದೇಶದ ಮಧ್ಯಾಂಕ (ಮೀಡಿಯನ್) ಆದಾಯದ ಶೇ 50 ಮೀರಬಾರದು, ಮಿತಿ 55 ವರ್ಷ ಉಳಿಯಬೇಕು. ವಾಸ್ತವದಲ್ಲಿ ಸ್ಪರ್ಧೆಗೆ ನಿಲ್ಲುವ ಅರ್ಜಿಗಳು ಬಹುತೇಕ ಪೂರ್ತಿ ಕಟ್ಟಡವನ್ನೇ ಕಡಿಮೆ ಬಾಡಿಗೆಗೆ ಮೀಸಲಿಟ್ಟಿರುತ್ತವೆ. ಓಕ್‌ಲೆಂಡ್‌ನ ಕೊಲಿಸಿಯಂ ಬಾರ್ಟ್ ರೈಲು ನಿಲ್ದಾಣದ ಪಕ್ಕದ 110 ಮನೆಗಳ ಕೊಲಿಸಿಯಂ ಕನೆಕ್ಷನ್ಸ್, ಸ್ಯಾನ್ ಫ್ರಾನ್ಸಿಸ್ಕೊದ ಬಾಲ್ಬೋವಾ ಪಾರ್ಕ್ ನಿಲ್ದಾಣಕ್ಕೆ ಅಂಟಿಕೊಂಡ 131 ಮನೆಗಳ ಕಪುಸೊ ಇದೇ ಯೋಜನೆಯ ಹಣ ಪಡೆದ ಕಟ್ಟಡಗಳು. ರೈಲಿಳಿದು ಒಂದು ಸುತ್ತು ನೋಡಿಬಂದರೆ ಮಾರ್ಗಸೂಚಿಯ ಎಷ್ಟೋ ಪುಟ ತಾನಾಗಿ ಅರ್ಥವಾಗುತ್ತದೆ.

ಜಾಗ ಪಾಸಾಗುತ್ತದೆಯೇ

ಮೂರು ವರ್ಗಗಳಿವೆ. ಮೊದಲನೆಯದು ಟಿಒಡಿ: ಮನೆಯಿಂದ ಅರ್ಧ ಮೈಲಿಯೊಳಗೆ ಉತ್ತಮ ದರ್ಜೆಯ ಸಾರಿಗೆ ಇರಬೇಕು. ದಟ್ಟಣೆಯ ಹೊತ್ತಿನಲ್ಲಿ 15 ನಿಮಿಷಕ್ಕೊಂದಾದರೂ ಗಾಡಿ, ವಾರದ ಏಳೂ ದಿನ ಸೇವೆ, ಜೊತೆಗೆ ಹಳಿ ಅಥವಾ ಪೂರ್ತಿಯೋ ಭಾಗಶಃವೋ ಪ್ರತ್ಯೇಕ ಬಸ್ ಪಥ. ಎರಡನೆಯದು ಐಸಿಪಿ: ಸಾರಿಗೆ ಇದೆ, ಆದರೆ ಅಷ್ಟು ಮಟ್ಟದ್ದಲ್ಲ. ಮೂರನೆಯದು ರಿಪಾ: ಗ್ರಾಮೀಣ ಪ್ರದೇಶ. ಒಟ್ಟು ಹಣದಲ್ಲಿ ಮೊದಲೆರಡಕ್ಕೆ ತಲಾ ಶೇ 35, ಗ್ರಾಮೀಣಕ್ಕೆ ಶೇ 10 ಎಂಬ ಗುರಿ ಇದೆ.

ಇಲ್ಲಿ ಎರಡು ಎಡವಟ್ಟು ಪದೇ ಪದೇ ಆಗುತ್ತವೆ. ಒಂದು, ಅರ್ಧ ಮೈಲಿಯನ್ನು ನಕ್ಷೆಯ ಮೇಲೆ ಕಾಗೆ ಹಾರಿದಂತೆ ನೇರ ಅಳೆಯುವುದು. ನಡೆದುಹೋಗುವ ದಾರಿಯಲ್ಲಿ ಅಳೆಯಬೇಕು. ನಡುವೆ ಫ್ರೀವೇ, ರೈಲು ಹಳಿ, ಬೇಲಿ ಹಾಕಿದ ಕಾಲುವೆ ಇದ್ದರೆ ಎದುರಿಗೆ ಕಾಣುವ ನಿಲ್ದಾಣ ಕಾಲಿಗೆ ಒಂದು ಮೈಲಿ ದೂರವಾಗಬಹುದು. ಎರಡು, ಹಳೆಯ ವೇಳಾಪಟ್ಟಿ ನಂಬುವುದು. ಕೋವಿಡ್ ನಂತರ ಅನೇಕ ಮಾರ್ಗಗಳಲ್ಲಿ 15 ನಿಮಿಷದ ಬಸ್ಸು 20 ನಿಮಿಷಕ್ಕೆ ಜಾರಿದೆ. ಈಗ ಜಾರಿಯಲ್ಲಿರುವ ಮುದ್ರಿತ ವೇಳಾಪಟ್ಟಿಯನ್ನು ಕೈಯಲ್ಲಿ ಹಿಡಿದು ದಟ್ಟಣೆಯ ಗಂಟೆಗಳಲ್ಲಿ ಒಂದೊಂದು ಗಾಡಿಯ ನಡುವಿನ ಅಂತರವನ್ನೂ ಎಣಿಸಿ. ಸರಾಸರಿ ಹಾಕಿ ಸಮಾಧಾನಪಟ್ಟುಕೊಳ್ಳಬೇಡಿ. ಒಂದು ಕಡೆ 22 ನಿಮಿಷದ ಅಂತರ ಸಿಕ್ಕರೆ ಅರ್ಜಿಯ ವರ್ಗವೇ ಬದಲಾಗಬಹುದು, ವರ್ಗ ಬದಲಾದರೆ ಎದುರಾಳಿಗಳೂ ಬದಲಾಗುತ್ತಾರೆ.

ಸಾರಿಗೆಯ ಭಾಗ: ಗೆಲ್ಲುವುದೂ ಸೋಲುವುದೂ ಇಲ್ಲೇ

ಮನೆ ಕಟ್ಟುವ ಸಂಸ್ಥೆಗಳು ಈ ಭಾಗವನ್ನು ಕೊನೆಯ ತಿಂಗಳಿಗೆ ಬಿಡುತ್ತವೆ. ಅವರ ಪಾಲಿಗೆ ಅದು ಮನೆಯ ಹಣ ಪಡೆಯಲು ತುಂಬಬೇಕಾದ ಹೆಚ್ಚುವರಿ ಫಾರಂ. ಈ ಮನೋಭಾವವೇ ಅರ್ಜಿಗಳನ್ನು ಮುಳುಗಿಸುತ್ತದೆ. ಮನೆಯ ಭಾಗದಲ್ಲಿ ಎಲ್ಲರೂ ಹೆಚ್ಚುಕಡಿಮೆ ಸಮಬಲರು. ಅಂಕದ ಅಂತರ ಹುಟ್ಟುವುದು ಫುಟ್‌ಪಾತ್, ಸೈಕಲ್ ಪಥ, ಬಸ್ಸಿನಲ್ಲಿ.

ಹಣ ಸಿಗುವ ಕೆಲಸಗಳು ಎರಡು ಬಗೆ. ಪ್ರಯಾಣದ ಮಾರ್ಗವನ್ನೇ ಬದಲಿಸುವಂಥವು ಒಂದು: ಬಸ್ ಪಥ, ಸಿಗ್ನಲ್‌ನಲ್ಲಿ ಬಸ್ಸಿಗೆ ಆದ್ಯತೆ, ಹೊಸ ಬಸ್ಸು, ಸೈಕಲ್ ಪಥ, ಹೊಸ ಫುಟ್‌ಪಾತ್. ಕಾಯುವವರಿಗೆ, ನಡೆಯುವವರಿಗೆ ಅನುಕೂಲ ಮಾಡುವಂಥವು ಇನ್ನೊಂದು: ತಂಗುದಾಣ, ಬೆಂಚು, ದೀಪ, ನೆರಳಿನ ಮರ, ಸೈಕಲ್ ನಿಲ್ಲಿಸುವ ಜಾಗ. ಎರಡಕ್ಕೂ ಪ್ರತ್ಯೇಕ ಬಜೆಟ್ ಸಾಲುಗಳಿವೆ. ತಂಗುದಾಣವನ್ನು ಮೊದಲನೆಯದರಲ್ಲಿ ಬರೆದರೆ ಪರಿಶೀಲಕರು ಹಿಂದಿರುಗಿಸುತ್ತಾರೆ.

ಒಂದು ಸಾಮಾನ್ಯ ಬಸ್ ನಿಲ್ದಾಣವನ್ನೇ ತೆಗೆದುಕೊಳ್ಳಿ. ಕಂಬ ಬಸ್ ಸಂಸ್ಥೆಯದು, ಫುಟ್‌ಪಾತ್ ನಗರಸಭೆಯದು. ತಂಗುದಾಣ ಎಷ್ಟೋ ಊರುಗಳಲ್ಲಿ ಜಾಹೀರಾತು ಕಂಪನಿಯ ಗುತ್ತಿಗೆಯಲ್ಲಿರುತ್ತದೆ; ಆ ಗುತ್ತಿಗೆ ಬೇರೆ ಯಾರೂ ತಂಗುದಾಣ ಹಾಕದಂತೆ ತಡೆಯುವುದೂ ಉಂಟು. ರಸ್ತೆ ರಾಜ್ಯ ಹೆದ್ದಾರಿಯಾಗಿದ್ದರೆ ರಾಜ್ಯದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್‌ನ ಅನುಮತಿ ಬೇಕು. ಎಲ್ ಕಮಿನೊ ರಿಯಾಲ್ ನೋಡಲು ಊರಿನ ಮುಖ್ಯ ರಸ್ತೆ, ಕಾಗದದಲ್ಲಿ ರಾಜ್ಯ ಹೆದ್ದಾರಿ 82. ಓಕ್‌ಲೆಂಡ್ ಕಡೆಯ ಸ್ಯಾನ್ ಪಾಬ್ಲೊ ಅವೆನ್ಯೂ ಬಹುಪಾಲು ಹೆದ್ದಾರಿ 123. ಮಾಲೀಕತ್ವದ ಈ ಪಟ್ಟಿಯನ್ನು ಪ್ರತಿ ಕೆಲಸಕ್ಕೂ ಮೊದಲ ವಾರದಲ್ಲೇ ಮಾಡಿಕೊಳ್ಳಿ.

ಅಳತೆಗಳು ಇನ್ನೊಂದು ಅಧ್ಯಾಯ. ಅಂಗವಿಕಲರ ಹಕ್ಕಿನ ಕಾಯ್ದೆ ಎಡಿಎ ಪ್ರಕಾರ ಬಸ್ ಹತ್ತಿಳಿಯುವ ಜಾಗ ಕರ್ಬ್, ಅಂದರೆ ಫುಟ್‌ಪಾತಿನ ಅಂಚಿನಿಂದ ಒಳಕ್ಕೆ ಕನಿಷ್ಠ 96 ಇಂಚು, ರಸ್ತೆಯುದ್ದಕ್ಕೆ 60 ಇಂಚು ಇರಬೇಕು, ರಸ್ತೆಗೆ ಅಡ್ಡವಾದ ಇಳಿಜಾರು 1:48 ಮೀರಬಾರದು. ತಂಗುದಾಣದೊಳಗೆ ಗಾಲಿಕುರ್ಚಿಗೆ 30ಕ್ಕೆ 48 ಇಂಚು ಖಾಲಿ ಜಾಗ. ಹಳೆಯ ಬಡಾವಣೆಗಳ ಫುಟ್‌ಪಾತ್ ಐದಾರು ಅಡಿ ಅಗಲ. 96 ಇಂಚು ಅಂದರೆ 8 ಅಡಿ. ಮಿಕ್ಕ ಜಾಗ ಎಲ್ಲಿಂದ? ಹಿಂದಿನ ಖಾಸಗಿ ಜಮೀನಿನಿಂದ, ಇಲ್ಲವೇ ಮುಂದಿನ ಪಾರ್ಕಿಂಗ್ ಪಟ್ಟಿಯಿಂದ. ಪಕ್ಕದ ಜಮೀನು ನೀವೇ ಮನೆ ಕಟ್ಟುತ್ತಿರುವ ಜಾಗವಾಗಿದ್ದರೆ ಬಹಳ ಸುಲಭ, ನಕ್ಷೆಯಲ್ಲೇ ಕಟ್ಟಡವನ್ನು ಮೂರು ಅಡಿ ಹಿಂದಕ್ಕೆ ಸರಿಸಬಹುದು. ಕಟ್ಟಡದ ಅನುಮತಿ ಪಡೆದ ಮೇಲೆ ಇದು ನೆನಪಾದರೆ ಏನೂ ಮಾಡುವಂತಿಲ್ಲ. ವಾಸ್ತುಶಿಲ್ಪಿಯ ಮೊದಲ ಸಭೆಗೆ ಬಸ್ ಸಂಸ್ಥೆಯ ನಿಲ್ದಾಣ ಯೋಜಕರನ್ನು ಕರೆಸಬೇಕು ಎನ್ನುವುದು ಇದಕ್ಕೇ.

ಪಾರ್ಕಿಂಗ್ ಪಟ್ಟಿಯ ಕಡೆಗೆ ಫುಟ್‌ಪಾತನ್ನು ಹಿಗ್ಗಿಸುವ ಬಸ್ ಬಲ್ಬ್ ಒಳ್ಳೆಯ ಉಪಾಯ. ಬಸ್ಸು ಪಕ್ಕಕ್ಕೆ ಸರಿಯದೆ ತನ್ನ ಲೇನಿನಲ್ಲೇ ನಿಂತು ಹೊರಡುತ್ತದೆ, ಸಮಯ ಉಳಿಯುತ್ತದೆ. ಆದರೆ ಕರ್ಬ್ ಮುಂದಕ್ಕೆ ಬಂದಾಗ ಮಳೆನೀರು ಹರಿಯುವ ಗಟಾರದ ದಾರಿ ಕಟ್ಟಿಹೋಗುತ್ತದೆ. ನೀರಿಳಿಯುವ ತೊಟ್ಟಿಯನ್ನು ಸ್ಥಳಾಂತರಿಸಬೇಕು, ಕೆಳಗೆ ವಿದ್ಯುತ್ ಅಥವಾ ಟೆಲಿಫೋನ್ ಕೋಣೆ ಇದ್ದರೆ ಅದನ್ನೂ. ಬಜೆಟ್ ಹಾರುವುದು ಇಲ್ಲಿಯೇ, ಕಾಂಕ್ರೀಟಿನ ಬೆಲೆಯಿಂದಲ್ಲ. ಅರ್ಜಿಗೆ ಮೊದಲು ನೆಲದಡಿಯ ಸೌಕರ್ಯಗಳ ನಕ್ಷೆ ತರಿಸಿಕೊಳ್ಳದೆ ಬಲ್ಬ್‌ಗೆ ದರ ಬರೆಯಬೇಡಿ.

ಬಲ್ಬ್ ಇಲ್ಲದೆ ಬಸ್ಸು ಪಕ್ಕಕ್ಕೆ ಬಂದು ನಿಲ್ಲುವುದಾದರೆ 40 ಅಡಿಯ ಬಸ್ಸಿಗೆ ಸಿಗ್ನಲ್ ದಾಟಿದ ನಂತರದ ನಿಲ್ದಾಣದಲ್ಲಿ ಸುಮಾರು 90 ಅಡಿ, ಸಿಗ್ನಲ್‌ಗೆ ಮೊದಲಿನ ನಿಲ್ದಾಣದಲ್ಲಿ 100 ಅಡಿ, ರಸ್ತೆ ನಡುವಿನ ನಿಲ್ದಾಣದಲ್ಲಿ 120 ಅಡಿ ಕರ್ಬ್ ಬೇಕು. ಒಂದು ಕಾರಿಗೆ 20 ಅಡಿ ಎಂದರೂ ನಾಲ್ಕರಿಂದ ಆರು ಕಾರಿನ ಜಾಗ ಹೋಗುತ್ತದೆ. ಅಕ್ಕಪಕ್ಕದ ಅಂಗಡಿಯವರ ವಿರೋಧ ಬರುವುದು ಖಂಡಿತ, ಅವರ ಆತಂಕ ಸುಳ್ಳೂ ಅಲ್ಲ. ಅರ್ಜಿ ಗೆದ್ದ ಮೇಲೆ ಅವರಿಗೆ ವಿಷಯ ತಿಳಿದರೆ ನಗರಸಭೆಯಲ್ಲಿ ಕೆಲಸ ನಿಲ್ಲುತ್ತದೆ. ಮೊದಲೇ ಹೋಗಿ ಮಾತಾಡಿ, ಸರಕು ಇಳಿಸುವ ಜಾಗಕ್ಕೆ ಬದಲಿ ವ್ಯವಸ್ಥೆಯನ್ನು ನಕ್ಷೆಯಲ್ಲಿ ತೋರಿಸಿ.

ನಿಲ್ದಾಣದ ಮುಂದಿನ ರಸ್ತೆಗೆ ಕಾಂಕ್ರೀಟ್ ಹಾಸು ಸೇರಿಸುವುದನ್ನು ಮರೆಯಬೇಡಿ. ದಿನವಿಡೀ ಬ್ರೇಕ್ ಹಾಕುವ ಬಸ್ಸಿನಡಿ ಡಾಂಬರು ಅಲೆಯಲೆಯಾಗಿ ಎದ್ದು ನಿಲ್ಲುತ್ತದೆ, ಬ್ಯಾಟರಿ ಬಸ್ಸುಗಳ ತೂಕಕ್ಕೆ ಇನ್ನೂ ಬೇಗ.

ಸೈಕಲ್ ಪಥದಲ್ಲಿ ಎರಡು ಮಾತು. ಉದ್ದದ ಲೆಕ್ಕ ಲೇನ್-ಮೈಲಿಯಲ್ಲಿ: ಒಂದು ಮೈಲಿ ರಸ್ತೆಯ ಎರಡೂ ಬದಿಗೆ ಪಥ ಹಾಕಿದರೆ ಅದು 2 ಲೇನ್-ಮೈಲಿ. ಒಂದೆಂದು ಬರೆದು ಅಂಕ ಕಳೆದುಕೊಂಡವರಿದ್ದಾರೆ, ಒಂದೇ ಬದಿಗೆ ಹಾಕಿ ಎರಡೆಂದು ಬರೆದು ಸಿಕ್ಕಿಬಿದ್ದವರೂ ಇದ್ದಾರೆ. ಜೊತೆಗೆ, ಪಥವು ಆ ರಸ್ತೆಯ ವೇಗಕ್ಕೂ ವಾಹನ ದಟ್ಟಣೆಗೂ ತಕ್ಕದ್ದಾಗಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಕ್ಲಾಸ್ 1 ಪ್ರತ್ಯೇಕ ದಾರಿ, ಕ್ಲಾಸ್ 2 ಬಣ್ಣದ ಗೆರೆ, ಕ್ಲಾಸ್ 3 ಕಾರಿನ ಜೊತೆಗೇ ಸಾಗುವ ಮಾರ್ಗ, ಕ್ಲಾಸ್ 4 ತಡೆ ಇಟ್ಟು ಬೇರ್ಪಡಿಸಿದ ಪಥ. ಕಾರುಗಳು ರಭಸದಿಂದ ಹೋಗುವ ರಸ್ತೆಯಲ್ಲಿ ಬರೀ ಗೆರೆ ಎಳೆದರೆ ಅದು ಲೆಕ್ಕಕ್ಕೆ ಬರುವುದಿಲ್ಲ, ಬರಲೂಬಾರದು. ತಾಯಿಯೊಬ್ಬಳು ಮಗುವನ್ನು ಹಿಂದೆ ಕೂರಿಸಿಕೊಂಡು ಹೋಗಲು ಹೆದರುವ ಪಥಕ್ಕೆ ಸಾರ್ವಜನಿಕರ ಹಣ ಸುರಿಯುವುದು ತಪ್ಪು.

ಬಸ್ಸು ಕೊಳ್ಳುವ ಆಲೋಚನೆ ಇದ್ದರೆ ಕ್ಯಾಲೆಂಡರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ರಾಜ್ಯದ ನಿಯಮದಂತೆ 2029ರಿಂದ ಸಾರಿಗೆ ಸಂಸ್ಥೆಗಳು ಕೊಳ್ಳುವ ಹೊಸ ಬಸ್ಸುಗಳೆಲ್ಲ ಹೊಗೆರಹಿತವೇ ಆಗಿರಬೇಕು, 2040ಕ್ಕೆ ಇಡೀ ಪಡೆಯೇ ಹಾಗಾಗಬೇಕು. ಬೇಡಿಕೆ ಏರುತ್ತಿದೆ, ಮಾಡುವವರು ಕಡಿಮೆಯಾಗಿದ್ದಾರೆ: 2023ರಲ್ಲಿ ಪ್ರೊಟೆರಾ ದಿವಾಳಿ ಅರ್ಜಿ ಹಾಕಿತು, ಅದೇ ವರ್ಷ ನೋವಾ ಬಸ್ ಅಮೆರಿಕದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಬಸ್ಸಿನ ಬೆಲೆ ಮಾತ್ರ ಬರೆದು ಚಾರ್ಜರ್, ಡಿಪೋಗೆ ಹೆಚ್ಚುವರಿ ವಿದ್ಯುತ್ ಸಂಪರ್ಕ ಬಿಟ್ಟರೆ ಬಸ್ಸು ಬಂದು ನಿಲ್ಲುತ್ತದೆ, ಓಡುವುದಿಲ್ಲ. ವಿದ್ಯುತ್ ಕಂಪನಿಯ ಸಂಪರ್ಕಕ್ಕೆ ಕಾಯಬೇಕಾದ ಕಾಲ ಬಸ್ಸಿನ ತಯಾರಿಕೆಗಿಂತ ಹೆಚ್ಚಾಗಬಹುದು. ಇನ್ನೊಂದು ಪ್ರಶ್ನೆಯನ್ನು ಬಸ್ ಸಂಸ್ಥೆಗೆ ನೇರವಾಗಿ ಕೇಳಿ: ಆ ಬಸ್ಸಿಗೆ ಚಾಲಕರನ್ನೂ ದಿನನಿತ್ಯದ ಖರ್ಚನ್ನೂ ಎಲ್ಲಿಂದ ತರುತ್ತೀರಿ? ಈ ಅನುದಾನ ಕೊಳ್ಳಲು ಕೊಡುತ್ತದೆ, ವರ್ಷಾನುಗಟ್ಟಲೆ ಓಡಿಸಲು ಕೊಡುವುದಿಲ್ಲ.

ಲೆಕ್ಕದ ಹಾಳೆ

ಒಟ್ಟು ಅಂಕಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇಂಗಾಲ ಉಳಿತಾಯದ ಮೇಲೆ ನಿಂತಿದೆ. ಏರ್ ರಿಸೋರ್ಸಸ್ ಬೋರ್ಡ್ ಕೊಡುವ ಎಕ್ಸೆಲ್ ಹಾಳೆಯಲ್ಲಿ ಮನೆಗಳ ಸಂಖ್ಯೆ, ಎಕರೆಗೆ ಎಷ್ಟು ಮನೆ, ಕಡಿಮೆ ಬಾಡಿಗೆಯವು ಎಷ್ಟು, ಸಾರಿಗೆಯ ಸೇವೆ ಎಷ್ಟು ಹೆಚ್ಚುತ್ತದೆ, ಪಥದ ಉದ್ದ ಇತ್ಯಾದಿ ತುಂಬಿದರೆ ಟನ್‌ಗಳ ಲೆಕ್ಕ ಬರುತ್ತದೆ. ಒಟ್ಟು ಎಷ್ಟು ಟನ್ ಉಳಿಯಿತು ಎಂಬುದಕ್ಕೂ, ಕೇಳಿದ ಪ್ರತಿ ಡಾಲರ್‌ಗೆ ಎಷ್ಟು ಉಳಿಯಿತು ಎಂಬುದಕ್ಕೂ ಅಂಕವಿದೆ. ಎಳೆದಾಟ ಇಲ್ಲಿದೆ. ಉದಾಹರಣೆಗೆ 30,000 ಟನ್ ಉಳಿಸುವ ಪ್ರಾಜೆಕ್ಟ್ 3 ಕೋಟಿ ಡಾಲರ್ ಕೇಳಿದರೆ ಸಾವಿರ ಡಾಲರ್‌ಗೆ 1 ಟನ್. ಅದೇ ಪ್ರಾಜೆಕ್ಟ್ 2.4 ಕೋಟಿ ಕೇಳಿದರೆ 1.25 ಟನ್. ಹಾಗೆಂದು ಬಸ್ಸನ್ನೇ ಕಿತ್ತುಹಾಕಿ ಮೊತ್ತ ಇಳಿಸಿದರೆ ಒಟ್ಟು ಟನ್ ಇಳಿಯುತ್ತದೆ. ಪ್ರತಿ ಕೆಲಸವನ್ನೂ ಒಮ್ಮೆ ಸೇರಿಸಿ, ಒಮ್ಮೆ ತೆಗೆದು, ಹಾಳೆಯನ್ನು ಹತ್ತಿಪ್ಪತ್ತು ಬಾರಿಯಾದರೂ ಓಡಿಸಿ ನೋಡಬೇಕು. ಇದನ್ನು ಕೊನೆಯ ವಾರದಲ್ಲಿ ಮಾಡುವವರು, ಹಾಳೆ ಕಡಿಮೆ ಅಂಕ ತೋರಿಸಿದರೂ ಬಜೆಟ್ ಬದಲಿಸಲಾಗದ ಸ್ಥಿತಿಯಲ್ಲಿರುತ್ತಾರೆ.

ಇಲ್ಲಿ ಹೆಚ್ಚಾಗಿ ಕೆಡುವುದು ಪ್ರಯಾಣಿಕರ ಅಂದಾಜು. ಹೊಸ ಬಸ್ಸಿನಿಂದ ವರ್ಷಕ್ಕೆ ಎಷ್ಟು ಜನ ಹೆಚ್ಚುತ್ತಾರೆ ಎಂಬ ಸಂಖ್ಯೆಗೆ ಬಸ್ ಸಂಸ್ಥೆಯ ಸಹಿಯುಳ್ಳ ಆಧಾರ ಬೇಕು. ವಾರದ ದಿನದ ಸಂಖ್ಯೆಯನ್ನು 365ರಿಂದ ಗುಣಿಸುವುದು ತೀರ ಸಾಮಾನ್ಯ ತಪ್ಪು. ಶನಿವಾರ, ಭಾನುವಾರ ಜನ ಕಡಿಮೆ. ಪರಿಶೀಲಕರು ಒಪ್ಪದಿದ್ದರೆ ಆ ಸಾಲನ್ನು ತಗ್ಗಿಸುತ್ತಾರೆ ಅಥವಾ ಅಳಿಸುತ್ತಾರೆ, ಅಂಕ ಕುಸಿಯುತ್ತದೆ.

ಕಾಗದ ಪತ್ರ, ಮತ್ತು ಕಳೆದುಕೊಂಡ ಆ ಒಂದು ಅಂಕ

ಜಮೀನಿನ ಮೇಲಿನ ಹಕ್ಕು, ಕಟ್ಟಡದ ಯೋಜನಾ ಅನುಮತಿ, ಪರಿಸರ ಪರಿಶೀಲನೆ, ಉಳಿದ ಹಣದ ಬದ್ಧತಾ ಪತ್ರಗಳು ಅರ್ಜಿಯ ಹೊತ್ತಿಗೆ ಕೈಯಲ್ಲಿರಬೇಕು. ಬಸ್ ಪಥ, ಸೈಕಲ್ ಪಥ, ಫುಟ್‌ಪಾತಿನಂಥ ಕೆಲಸಗಳಿಗೆ 2022ರ ಎಸ್‌ಬಿ 922 ರಾಜ್ಯ ಪರಿಸರ ಕಾಯ್ದೆಯಿಂದ ವಿನಾಯಿತಿಯ ದಾರಿ ಕೊಟ್ಟಿದೆ, ದೊಡ್ಡ ಉಪಕಾರ. ಆದರೆ ಕಟ್ಟಡಕ್ಕೆ ಕೇಂದ್ರದ ವಸತಿ ವೋಚರ್‌ನಂಥ ಫೆಡರಲ್ ಹಣ ಒಂದು ಡಾಲರ್ ಬಂದರೂ ಫೆಡರಲ್ ಪರಿಶೀಲನೆ ಬೇಕೇ ಬೇಕು. ಅದು ಮುಗಿಯುವ ಮುನ್ನ ಜಮೀನು ಕೊಳ್ಳುವುದು, ಹಳೆ ಕಟ್ಟಡ ಕೆಡವುವುದು ಆ ಹಣಕ್ಕೇ ಸಂಚಕಾರ.

ನಗರಸಭೆಯ ಮತ್ತು ಬಸ್ ಸಂಸ್ಥೆಯ ನಿರ್ಣಯಗಳಿಗೆ ಇಲಾಖೆ ಮಾದರಿ ಕೊಡುತ್ತದೆ. ಅದನ್ನು ‘ಸುಂದರಗೊಳಿಸಲು’ ನಗರಸಭೆಯ ವಕೀಲರಿಗೆ ಬಿಡಬೇಡಿ. ಸಂಸ್ಥೆಯ ಕಾನೂನುಬದ್ಧ ಹೆಸರಿನಲ್ಲಿ ಒಂದು ಪದ ಬಿಟ್ಟರೂ, ಮೊತ್ತ ಅರ್ಜಿಗಿಂತ ಕಡಿಮೆ ಬರೆದರೂ, ಸಹಿ ಮಾಡುವ ಅಧಿಕಾರ ಯಾರಿಗೆಂದು ಹುದ್ದೆ ಹೇಳದಿದ್ದರೂ ಹೊಸ ನಿರ್ಣಯ ಬೇಕಾಗುತ್ತದೆ. ಸಭೆ ತಿಂಗಳಿಗೆ ಒಂದೋ ಎರಡೋ. ಸಾರ್ವಜನಿಕ ಸಭೆಗಳ ಕಾಯ್ದೆಯಾದ ಬ್ರೌನ್ ಆಕ್ಟ್ ಪ್ರಕಾರ ಕಾರ್ಯಸೂಚಿ 72 ಗಂಟೆ ಮೊದಲೇ ಪ್ರಕಟವಾಗಬೇಕು, ಅದಕ್ಕೂ ಎರಡು ಮೂರು ವಾರ ಮೊದಲು ಸಿಬ್ಬಂದಿ ವರದಿ ಸಿದ್ಧವಿರಬೇಕು. ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿದರೆ ನಿಮಗೆ ಸಿಗುವುದು ಒಂದೇ ಸಭೆ. ಆ ಸಭೆಯ ಕಾರ್ಯಸೂಚಿಯಲ್ಲಿ ಎರಡು ತಿಂಗಳ ಮೊದಲೇ ಸಾಲು ಕಾದಿರಿಸಿ.

ಇನ್ನು ಹೊಣೆಯ ವಿಷಯ. ಜೊತೆಯಾಗಿ ಅರ್ಜಿ ಹಾಕಿದವರೆಲ್ಲ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರು ಎಂಬುದು ಈ ಯೋಜನೆಯ ಅತಿ ಕಷ್ಟದ ಷರತ್ತು. ಅರ್ಥ ಇಷ್ಟು: ಮನೆ ಕಟ್ಟುವ ಸಂಸ್ಥೆ ನಡುವೆ ಕೈಚೆಲ್ಲಿದರೆ ಸರ್ಕಾರ ನಗರಸಭೆಯನ್ನು ಕೇಳಬಹುದು, ನಗರಸಭೆ ಸೈಕಲ್ ಪಥ ಮುಗಿಸದಿದ್ದರೆ ಮನೆಯವರ ಹಣ ನಿಲ್ಲಬಹುದು. ದೊಡ್ಡ ನಗರಗಳು ತಮ್ಮ ವಕೀಲರ ಬಳಗದೊಂದಿಗೆ ಇದನ್ನು ನಿಭಾಯಿಸುತ್ತವೆ. ಹತ್ತಿಪ್ಪತ್ತು ಸಾವಿರ ಜನಸಂಖ್ಯೆಯ ಊರಿನ ನಗರಸಭೆ ಕೋಟಿಗಟ್ಟಲೆ ಹೊಣೆಗೆ ಸಹಿ ಮಾಡಲು ಹಿಂಜರಿದರೆ ಅದನ್ನು ದೂರಲಾಗದು. ಬಸ್ಸು ಅತ್ಯಗತ್ಯವಾಗಿರುವ ಊರುಗಳೇ ಹೀಗೆ ಹೊರಗುಳಿಯುತ್ತವೆ, ಅದು ನೋವಿನ ಸಂಗತಿ.

ದಾರಿ ಇಲ್ಲವೆಂದಲ್ಲ. ಅರ್ಜಿದಾರರು ತಮ್ಮೊಳಗೆ ಪ್ರತ್ಯೇಕ ಕರಾರು ಮಾಡಿಕೊಳ್ಳಬೇಕು: ಯಾರ ಕೆಲಸ ಯಾವುದು, ಯಾವ ದಿನಾಂಕಕ್ಕೆ ಮುಗಿಯಬೇಕು, ತಪ್ಪಿದವರು ಉಳಿದವರ ನಷ್ಟ ತುಂಬಿಕೊಡಬೇಕು, ಬೆಲೆ ಏರಿದರೆ ಯಾರು ಭರಿಸಬೇಕು. ಈ ಕೊನೆಯ ಸಾಲನ್ನು ಬಿಟ್ಟ ಕರಾರುಗಳೇ ಹೆಚ್ಚು ಜಗಳಕ್ಕೆ ಕಾರಣ. ಅನುದಾನದ ಮೊತ್ತ ಸ್ಥಿರ, ಮಾಡಬೇಕಾದ ಕೆಲಸವೂ ಸ್ಥಿರ; ಮೂರು ವರ್ಷದಲ್ಲಿ ಕಾಂಕ್ರೀಟ್, ಕೂಲಿ ಎರಡೂ ಏರುತ್ತವೆ. ಸರ್ಕಾರಿ ಕೂಲಿ ದರ ಕಡ್ಡಾಯ ಎಂಬುದನ್ನು ಮರೆತು ಖಾಸಗಿ ದರದಲ್ಲಿ ಅಂದಾಜು ಹಾಕಿದ್ದರೆ ಮೊದಲ ಟೆಂಡರಿನಲ್ಲೇ ಹೊಡೆತ. ಬೆಲೆಯೇರಿಕೆಗೂ ಅನಿರೀಕ್ಷಿತ ಖರ್ಚಿಗೂ ಬೇರೆ ಬೇರೆ ಸಾಲು ಇಡಿ, ಒಂದರಲ್ಲಿ ಇನ್ನೊಂದನ್ನು ಅಡಗಿಸಬೇಡಿ.

ಹಣ ಬರುವ ಬಗೆಯೂ ತಿಳಿದಿರಲಿ. ಸಾರಿಗೆಯ ಹಣ ಖರ್ಚು ಮಾಡಿ ಬಿಲ್ಲು ತೋರಿಸಿದ ಮೇಲೆ ಬರುತ್ತದೆ. ಗೆದ್ದ ಸುದ್ದಿ ಬಂದು ಕರಾರಿಗೆ ಸಹಿಯಾಗುವಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ಅಲ್ಲಿಯವರೆಗೆ ಎಂಜಿನಿಯರಿಂಗ್ ನಕ್ಷೆಗೆ ನಗರಸಭೆ ತನ್ನ ಕೈಯಿಂದ ಹಾಕಲು ಸಿದ್ಧವಿಲ್ಲದಿದ್ದರೆ ಕೆಲಸ ಅಷ್ಟೂ ದಿನ ನಿಂತಿರುತ್ತದೆ.

ಪಾಸು: ಸಣ್ಣ ಮೊತ್ತ, ದೊಡ್ಡ ಫಲ

ಬಾಡಿಗೆ ಮಿತಿಯ ಪ್ರತಿ ಮನೆಗೆ ಕನಿಷ್ಠ ಒಂದು ಉಚಿತ ಸಾರಿಗೆ ಪಾಸು, ಕನಿಷ್ಠ ಮೂರು ವರ್ಷ ಕೊಡಬೇಕು. ಹಣ ತುಂಬುವ ಕಾರ್ಡಾದರೆ ತಿಂಗಳಿಗೆ ಸರಾಸರಿ ದೂರದ 40 ಪ್ರಯಾಣಕ್ಕೆ ಸಾಲುವಷ್ಟು. ಒಂದು ಪ್ರಯಾಣಕ್ಕೆ 2.50 ಡಾಲರ್ ಎಂದಿಟ್ಟುಕೊಂಡರೆ ಮನೆಗೆ ತಿಂಗಳಿಗೆ 100 ಡಾಲರ್. 100 ಮನೆಗಳಿಗೆ 36 ತಿಂಗಳು 3.6 ಲಕ್ಷ ಡಾಲರ್. ಈ ಖರ್ಚನ್ನು ಅನುದಾನದಲ್ಲೇ ಕೇಳಬಹುದು. ಇಡೀ ಕಟ್ಟಡಕ್ಕೆ ಸಗಟಾಗಿ ಕೊಂಡರೆ ಅಗ್ಗ: ಸಾಂತಾ ಕ್ಲಾರಾ ಕೌಂಟಿಯ ಸಾರಿಗೆ ಸಂಸ್ಥೆ ವಿಟಿಎಗೆ ಸ್ಮಾರ್ಟ್‌ಪಾಸ್ ಇದೆ, ಓಕ್‌ಲೆಂಡ್ ಕಡೆಯ ಬಸ್ ಸಂಸ್ಥೆ ಎಸಿ ಟ್ರಾನ್ಸಿಟ್‌ಗೆ ಈಸಿಪಾಸ್ ಇದೆ. ಬೇ ಏರಿಯಾದ ಎಲ್ಲ ಬಸ್ಸು ರೈಲಿಗೂ ನಡೆಯುವ ಕ್ಲಿಪ್ಪರ್ ಬೇಪಾಸ್ ಪ್ರಯೋಗ 2022ರಲ್ಲಿ ಶುರುವಾದಾಗ ಕಾಲೇಜು ವಿದ್ಯಾರ್ಥಿಗಳ ಜೊತೆಗೆ ಕೈಗೆಟಕುವ ಬಾಡಿಗೆಯ ಮನೆಗಳ ನಿವಾಸಿಗಳನ್ನೂ ಸೇರಿಸಿಕೊಂಡಿತ್ತು.

ಕಾಗದದಲ್ಲಿ ಇಷ್ಟು ಸರಳವಾದದ್ದು ನೆಲದ ಮೇಲೆ ಕೆಡುವುದು ಹಂಚಿಕೆಯಲ್ಲಿ. ಕಾರ್ಡುಗಳು ಕಟ್ಟಡದ ಆಫೀಸಿನ ಡ್ರಾಯರ್‌ನಲ್ಲಿ ಉಳಿಯುತ್ತವೆ, ಮ್ಯಾನೇಜರ್ ಬದಲಾದಾಗ ಪಟ್ಟಿ ಕಳೆಯುತ್ತದೆ, ಇಂಗ್ಲಿಷ್ ಬಾರದ ಕುಟುಂಬಕ್ಕೆ ಹೀಗೊಂದು ಸೌಲಭ್ಯ ಇದೆಯೆಂದೇ ತಿಳಿಯುವುದಿಲ್ಲ. ಬಾಡಿಗೆ ಕರಾರಿಗೆ ಸಹಿ ಹಾಕಿಸುವ ದಿನವೇ ಕಾರ್ಡು ಕೈಗಿತ್ತು, ಅಲ್ಲೇ ಸಕ್ರಿಯಗೊಳಿಸಿ, ನಿವಾಸಿಯ ಭಾಷೆಯಲ್ಲಿ ಒಂದು ಪುಟದ ವಿವರ ಕೊಡುವ ಕಟ್ಟಡಗಳಲ್ಲಿ ಬಳಕೆ ಚೆನ್ನಾಗಿದೆ. ನಾಲ್ಕು ಜನರ ಮನೆಗೆ ಒಂದೇ ಪಾಸು ಸಾಲದು. ಸಾಧ್ಯವಿದ್ದರೆ ಹದಿಹರೆಯದ ಮಕ್ಕಳಿಗೂ ಸೇರಿಸಿ ಬಜೆಟ್ ಹಾಕಿ.

ಬೇರೆ ಬಾಗಿಲುಗಳು

ಬರೀ ಫುಟ್‌ಪಾತ್ ಮತ್ತು ಸೈಕಲ್ ಪಥವೇ ಬೇಕಿದ್ದು ಹೊಸ ಮನೆ ಕಟ್ಟುತ್ತಿಲ್ಲವಾದರೆ ಈ ಯೋಜನೆಗೆ ತಲೆ ಹಾಕಬೇಡಿ, ರಾಜ್ಯದ ಆಕ್ಟಿವ್ ಟ್ರಾನ್ಸ್‌ಪೋರ್ಟೇಶನ್ ಪ್ರೋಗ್ರಾಂ ಇದೆ. ರೈಲು, ಬಸ್ಸಿನ ದೊಡ್ಡ ಬಂಡವಾಳಕ್ಕೆ ಅದೇ ಹರಾಜಿನ ಹಣದಿಂದ ನಡೆಯುವ ಟಿಐಆರ್‌ಸಿಪಿ ಇದೆ. ಕಟ್ಟಡದ ಸುತ್ತಲಿನ ಒಳಚರಂಡಿ, ರಸ್ತೆಗೆ ಎಚ್‌ಸಿಡಿಯದೇ ಇನ್‌ಫಿಲ್ ಇನ್‌ಫ್ರಾಸ್ಟ್ರಕ್ಚರ್ ಅನುದಾನ. ಎಎಚ್‌ಎಸ್‌ಸಿಯಷ್ಟು ಕಾಗದ ಅವು ಬೇಡುವುದಿಲ್ಲ.

ಎಎಚ್‌ಎಸ್‌ಸಿಗೇ ಹೋಗುವುದಾದರೆ ಸ್ಟ್ರಾಟೆಜಿಕ್ ಗ್ರೋತ್ ಕೌನ್ಸಿಲ್ ಒದಗಿಸುವ ಉಚಿತ ತಾಂತ್ರಿಕ ನೆರವನ್ನು ಮೊದಲು ಕೇಳಿ. ಈ ಯೋಜನೆಯ ಅತ್ಯುತ್ತಮ ಸೇವೆ ಅದೇ: ಲೆಕ್ಕದ ಹಾಳೆ ತುಂಬಲು, ಅಂಕ ಅಂದಾಜಿಸಲು ಅನುಭವಸ್ಥರು ಸಿಗುತ್ತಾರೆ, ಬಡ ಪ್ರದೇಶಗಳ ಅರ್ಜಿಗಳಿಗೆ ಆದ್ಯತೆ. ಅರ್ಜಿ ಸೋತರೆ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಸಿಬ್ಬಂದಿಯೊಂದಿಗೆ ಮಾತಾಡಲೂ ಅವಕಾಶ ಕೇಳಿ. ಒಂದು ಸುತ್ತಿನಲ್ಲಿ ಸೋತು ಮುಂದಿನದರಲ್ಲಿ ಗೆದ್ದ ಪ್ರಾಜೆಕ್ಟುಗಳು ಸಾಕಷ್ಟಿವೆ.

ಅರ್ಜಿ ಕರೆಯುವ ಪ್ರಕಟಣೆ ಹೊರಬಿದ್ದ ಮೇಲೆ ಕೊನೆಯ ದಿನಕ್ಕೆ ಉಳಿಯುವುದು ಸಾಮಾನ್ಯವಾಗಿ ಎರಡು ಮೂರು ತಿಂಗಳು. ಪ್ರಕಟಣೆ ಬಂದ ದಿನಕ್ಕೆ ಬಸ್ ಸಂಸ್ಥೆಯ ಪತ್ರ, ನೆಲದಡಿಯ ನಕ್ಷೆ, ಜಂಟಿ ಕರಾರಿನ ಕರಡು ಈ ಮೂರೂ ಕೈಯಲ್ಲಿ ಇಲ್ಲದಿದ್ದರೆ ಆ ಸುತ್ತನ್ನು ಬಿಟ್ಟು, ಅದೇ ವಾರ ಬಸ್ ಸಂಸ್ಥೆಯ ಯೋಜನಾ ವಿಭಾಗಕ್ಕೆ ಫೋನ್ ಮಾಡಿ ಮುಂದಿನ ಸುತ್ತಿನ ಮೊದಲ ಸಭೆಯ ದಿನ ಗೊತ್ತುಮಾಡಿಕೊಳ್ಳಿ.